ಬೆರಳಿಗೆ ಎಟಕುವ ದಿಗಂತ

ಲಾಲ್‌ಬಾಗ್ ಬಂಡೆಯನ್ನು ಮುಟ್ಟಲು ಯಾರ ಅಪ್ಪಣೆಯೂ ಬೇಡ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಕಲ್ಲಿನ ಮೇಲೆ ಜಯನಗರ, ಬಸವನಗುಡಿಯ ಜನ ದಿನಾ ವಾಕಿಂಗ್ ಮಾಡುತ್ತಾರೆ. ಅದರ ತರಿ, ಇಳಿಜಾರು, ಬಿಸಿಲೇರಿದಾಗಿನ ಕಾವು ಕಣ್ಣು ಕಾಣದವರಿಗೂ ಅಂಗಾಲಲ್ಲೇ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ದೂರದ ನೋಟ: ಇಡೀ ಬಂಡೆಯ ಬೆನ್ನು ಹೇಗೆ ಬಾಗಿದೆ, ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ ಎಷ್ಟು ಪುಟ್ಟದಾಗಿ ಕೂತಿದೆ, ಅದರಾಚೆ ಊರು ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ. ಫೋಟೊಗ್ರಾಫರ್ ಸೆರೆಹಿಡಿಯುವುದೂ ಅದನ್ನೇ. ಆ ಫೋಟೊವನ್ನು ಬೆರಳಿಗೆ ದಾಟಿಸುವ ಕಲೆಗೆ ಸ್ಪರ್ಶಚಿತ್ರ ಎನ್ನುತ್ತಾರೆ.

ಬೆಂಗಳೂರಿನ ದಕ್ಷಿಣ ಭಾಗಕ್ಕೆ ಬೆರಳಿನ ಓದು ಹೊಸದಲ್ಲ. ಜೆ.ಪಿ. ನಗರ 3ನೇ ಹಂತದಲ್ಲಿರುವ ರಮಣ ಮಹರ್ಷಿ ಅಂಧರ ಅಕಾಡೆಮಿ ಶುರುವಾದದ್ದು 1969ರಲ್ಲಿ. ಅಲ್ಲಿನ ಮಕ್ಕಳು ಭರತನಾಟ್ಯವನ್ನೂ ಕಲಿತು ವೇದಿಕೆ ಏರಿದ್ದಾರೆ. ಗುರುವಿನ ಮುದ್ರೆ, ನಿಲುವುಗಳನ್ನು ಕೈಯಿಂದ ತಡವಿ ನೋಡಿ ತಮ್ಮ ಮೈಗೆ ತಂದುಕೊಳ್ಳುವುದು ಅಲ್ಲಿನ ಪಾಠದ ಕ್ರಮ. ಬಿಟಿಎಂ ಲೇಔಟ್ ದಾಟಿ ಎಚ್‌ಎಸ್‌ಆರ್ ಲೇಔಟ್‌ಗೆ ಹೋದರೆ, ಮಧು ಸಿಂಘಾಲ್ 1990ರಲ್ಲಿ ಕಟ್ಟಿದ ಮಿತ್ರ ಜ್ಯೋತಿ ಇದೆ. ಸ್ವತಃ ದೃಷ್ಟಿಯಿಲ್ಲದ ಅವರ ಸಂಸ್ಥೆ ಬ್ರೈಲ್ ಪುಸ್ತಕಗಳನ್ನೂ ಕೇಳುವ ಪುಸ್ತಕಗಳನ್ನೂ ಸಿದ್ಧಪಡಿಸುತ್ತದೆ. ಇನ್ನು ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಕೆಲವು ಕಲಾಕೃತಿಗಳ ಮುಟ್ಟಿ ನೋಡುವ ಪ್ರತಿಗಳನ್ನು ಬ್ರೈಲ್ ವಿವರಣೆಯೊಂದಿಗೆ ಇಟ್ಟಿದೆ.

ಆದರೆ ಶಿಲ್ಪವನ್ನೋ ಮುಖಚಿತ್ರವನ್ನೋ ಉಬ್ಬಿಸುವುದು ಒಂದು ಮಾತು, ನಿಸರ್ಗದ ಫೋಟೊ ಬೇರೆಯೇ ಮಾತು. ಅದು ಪೂರ್ತಿ ಬೆಳಕು ಮತ್ತು ದೂರದ ವ್ಯವಹಾರ. ಬೆರಳಿಗೆ ಬೆಳಕೂ ಇಲ್ಲ, ದೂರವೂ ಇಲ್ಲ.

ಕಂಪ್ಯೂಟರಿಗೇ ವಹಿಸಿದರೆ ಏನಾಗುತ್ತದೆ ನೋಡಿ. ಫೋಟೊದ ಬಿಳುಪನ್ನು ಎತ್ತರ, ಕಪ್ಪನ್ನು ತಗ್ಗು ಎಂದು ಲೆಕ್ಕ ಹಾಕಿ ತ್ರೀಡಿ ಪ್ರಿಂಟರ್‌ಗೆ ಕೊಡುವ ತಂತ್ರಾಂಶಗಳಿವೆ. ಲಾಲ್‌ಬಾಗಿನ ಚಿತ್ರ ಕೊಟ್ಟರೆ ಬಿಳಿ ಮೋಡ ಎಲ್ಲಕ್ಕಿಂತ ಮುಂದೆ ಉಬ್ಬಿ ನಿಲ್ಲುತ್ತದೆ, ನೆರಳಲ್ಲಿರುವ ಬಂಡೆ ಗುಂಡಿಯಾಗುತ್ತದೆ! ಸರಿ, ನಿಜವಾದ ಅಂತರವನ್ನೇ ಅಳೆದು ಕೆತ್ತೋಣವೆಂದರೆ ಅದೂ ನಡೆಯದು. ಹತ್ತು ಮೀಟರ್ ದೂರದ ಕಲ್ಲಿಗೂ ಹತ್ತು ಕಿಲೋಮೀಟರ್ ದೂರದ ಗುಡ್ಡಕ್ಕೂ ಒಂದೇ ಹಲಗೆಯಲ್ಲಿ ಒಂದೇ ಅಳತೆ ಹಿಡಿದರೆ ಮುನ್ನೆಲೆಯ ವಿವರವೆಲ್ಲ ಸವೆದು ಸಪಾಟಾಗುತ್ತದೆ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಸಾಲನ್ನು ಕಡೆದವರು ಮಾಡಿದ್ದನ್ನೇ ಇಲ್ಲೂ ಮಾಡಬೇಕು: ಆಳವನ್ನು ಅದುಮಿ, ಯಾವುದು ಯಾವುದರ ಮುಂದಿದೆ ಎಂಬುದನ್ನಷ್ಟೇ ಉಳಿಸಿಕೊಳ್ಳಬೇಕು.

ಹಾಗಾಗಿ ಮೊದಲ ಕೆಲಸ ಅಳಿಸುವುದು. ಹಿನ್ನೆಲೆಯ ಅಪಾರ್ಟ್‌ಮೆಂಟ್‌ಗಳು, ಬಂಡೆ ಹತ್ತುತ್ತಿರುವ ಜನ, ಒಂದೊಂದೇ ಎಲೆ ಇವೆಲ್ಲ ಹೋಗಬೇಕು. ಬ್ರೈಲ್‌ನ ಒಂದು ಚುಕ್ಕಿ ಏಳುವುದು ಸುಮಾರು ಅರ್ಧ ಮಿಲಿಮೀಟರ್, ಪಕ್ಕದ ಚುಕ್ಕಿಗೆ ಇರುವ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಬೆರಳ ತುದಿಯ ಸೂಕ್ಷ್ಮತೆಗೆ ಒಪ್ಪುವ ಅಳತೆ ಅದು. ಎರಡು ಗೆರೆಗಳ ನಡುವೆ ಮೂರು ಮಿಲಿಮೀಟರಾದರೂ ಜಾಗ ಬಿಡದಿದ್ದರೆ ಎರಡೂ ಒಂದಾಗಿ ಬರೀ ಒರಟು ಸಿಗುತ್ತದೆ. ಫೋಟೊದಲ್ಲಿ ಉಗುರಿನಷ್ಟಿರುವ ಗೋಪುರವನ್ನು ದೊಡ್ಡದು ಮಾಡಲೇಬೇಕು. ಅದರ ಕಂಬಗಳೂ ಶಿಖರವೂ ಬೇಕೆಂದರೆ ಇನ್ನೊಂದು ಹಾಳೆಯೇ ಬೇಕು.

ಮಾಡುವ ದಾರಿಗಳು ಹಲವು. ಸ್ವೆಲ್ ಪೇಪರ್ ಸುಲಭದ್ದು. ವಿಶೇಷ ಲೇಪನದ ಆ ಹಾಳೆಯಲ್ಲಿ ಕಪ್ಪು ಗೆರೆ ಮೂಡಿಸಿ ಬಿಸಿ ಯಂತ್ರದೊಳಗೆ ತೂರಿಸಿದರೆ ಕಪ್ಪು ಹೆಚ್ಚು ಕಾವು ಹೀರಿ ಅಲ್ಲಲ್ಲೇ ಉಬ್ಬುತ್ತದೆ. ಫೋಟೊವನ್ನು ಇದ್ದಂತೆಯೇ ಮುದ್ರಿಸಿ ತೂರಿಸಿದರೆ ಮಾತ್ರ ಬೂದು ಬಣ್ಣವೆಲ್ಲ ಅರೆಬರೆ ಎದ್ದು, ಏನೂ ತಿಳಿಯದ ಹಾಳೆ ಹೊರಬರುತ್ತದೆ. ಥರ್ಮೋಫಾರ್ಮ್‌ನದು ಹೆಚ್ಚು ಕೈಕೆಲಸ. ಕಾರ್ಡ್‌ಬೋರ್ಡಿನ ಮೇಲೆ ಬಂಡೆಗೆ ಉಪ್ಪುಕಾಗದ, ಮರಗಳಿಗೆ ಒರಟು ಬಟ್ಟೆ, ಕೆರೆಯ ಅಲೆಗೆ ದಾರ ಅಂಟಿಸಿ ಮೂಲಪ್ರತಿ ಮಾಡುತ್ತಾರೆ. ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆಳೆದು ಗಾಳಿ ಹೀರಿದರೆ ಅಚ್ಚು ಮೂಡುತ್ತದೆ. ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಆದರೆ ಪ್ರತಿಯಲ್ಲಿ ಉಪ್ಪುಕಾಗದವೂ ಪ್ಲಾಸ್ಟಿಕ್ಕೇ, ಬಟ್ಟೆಯೂ ಪ್ಲಾಸ್ಟಿಕ್ಕೇ. ನನ್ನನ್ನು ಕೇಳಿದರೆ ಒಂದೇ ಒಂದು ಪ್ರತಿಯಾದರೂ ಆ ಮೂಲವೇ ಮೇಲು.

ಆಕಾಶವನ್ನು ನುಣುಪಾಗಿ, ಖಾಲಿಯಾಗಿ ಬಿಡುವುದೇ ವಾಡಿಕೆ. ಮರದ ಹಿಂದೆ ಬಂಡೆ ಹಾದುಹೋಗುವಲ್ಲಿ ಬಂಡೆಯ ಗೆರೆಯನ್ನು ಕೊಂಚ ಮೊದಲೇ ನಿಲ್ಲಿಸುತ್ತಾರೆ. ಆ ಸಣ್ಣ ತೆರಪಿನಿಂದಲೇ ಮರ ಮುಂದಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಹಾಳೆಯ ಬಲ ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿದರೆ ಚಿತ್ರ ತಲೆಕೆಳಗಾಗುವ ಭಯವಿಲ್ಲ. ಇದಕ್ಕೆ ಮಾತಿನ ಜೊತೆಯೂ ಬೇಕು. ಕಣ್ಣು ಇಡೀ ದೃಶ್ಯವನ್ನು ಒಮ್ಮೆಗೇ ನುಂಗುತ್ತದೆ, ಬೆರಳು ತುಣುಕು ತುಣುಕಾಗಿ ಕೂಡಿಸಿಕೊಳ್ಳುತ್ತದೆ. ಎಡ ಕೆಳಗಿನಿಂದ ಬಂಡೆ ಹತ್ತಿ, ಇಲ್ಲಿ ಗೋಪುರ, ಇದರಾಚೆ ಇಳಿಜಾರು ಎಂದು ದಾರಿ ಹೇಳುವ ಧ್ವನಿವಿವರಣೆ ಇದ್ದರೆ ಆ ಕೂಡಿಕೆ ಹಗುರಾಗುತ್ತದೆ.

ಸಿದ್ಧವಾದ ಚಿತ್ರವನ್ನು ಪರೀಕ್ಷಿಸಲು ಕಣ್ಣಿದ್ದವರು ಕಣ್ಣು ಮುಚ್ಚಿಕೊಂಡರೆ ಸಾಲದು. ಅವರ ಬೆರಳಿಗಿಂತ ಮೊದಲು ಅವರ ನೆನಪು ಉತ್ತರ ಕೊಡುತ್ತದೆ. ನರವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ: ಹುಟ್ಟುಕುರುಡಿಗೆ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಪಡೆದ ಭಾರತದ ಮಕ್ಕಳು, ಕೈಯಲ್ಲಿ ಹಿಡಿದು ಅರಿತ ವಸ್ತುವನ್ನು ಕೂಡಲೇ ಕಣ್ಣಿನಿಂದ ಗುರುತಿಸಲಾರದೆ ಹೋದರು. ಕೈಯ ಅರಿವು ಕಣ್ಣಿಗೆ ತಾನಾಗಿ ದಾಟುವುದಿಲ್ಲ. ಹಾಗೆಂದು ದೃಷ್ಟಿಯಿಲ್ಲದವರಿಗೆ ಗೆರೆಚಿತ್ರ ಅರ್ಥವೇ ಆಗದು ಎನ್ನುವುದೂ ತಪ್ಪು. ಅವರು ಉಬ್ಬುಗೆರೆಗಳನ್ನು ಓದಬಲ್ಲರು, ತಾವೇ ಬರೆಯಲೂ ಬಲ್ಲರು ಎಂದು ಕೆನಡಾದ ಜಾನ್ ಕೆನೆಡಿ ದಶಕಗಳ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಅಂಥ ಓದುಗರೊಬ್ಬರನ್ನು ಕರಡು ಹಂತದಲ್ಲೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಅವರು ಮೋಡವನ್ನು ಮರ ಎಂದರೆ ಮೋಡ ಹೋಗಬೇಕು, ಅಷ್ಟೆ.

ಕೊನೆಯದು ಬಣ್ಣ. ದೃಷ್ಟಿದೋಷ ಇರುವ ಎಲ್ಲರಿಗೂ ಪೂರ್ತಿ ಕತ್ತಲೆಯಲ್ಲ. ಅನೇಕರಿಗೆ ಕೊಂಚ ಕಾಣುತ್ತದೆ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ 2015ರಲ್ಲಿ ಆರು ಚಿತ್ರಗಳನ್ನು ಉಬ್ಬಿಸಿ ಮುಟ್ಟಲು ಇಟ್ಟಾಗ ಬಣ್ಣವನ್ನು ಕೈಬಿಡಲಿಲ್ಲ. ನಮ್ಮ ಬಂಡೆಗೆ ಕಡುಕಂದು, ಆಕಾಶಕ್ಕೆ ತಿಳಿಹಳದಿ ಹಚ್ಚಿದರೆ ಅಂಥವರಿಗೆ ಅಂಚು ಬೇಗ ಸಿಗುತ್ತದೆ. ನನ್ನ ಫೋಟೊದಲ್ಲಿ ಆಕಾಶ ನೀಲಿಯಿತ್ತಲ್ಲ ಎಂದು ಫೋಟೊಗ್ರಾಫರ್ ಗೊಣಗಬಹುದು. ಗೊಣಗಲಿ.