ಏರಿ ಇಳಿಯುವ ಸಂಖ್ಯೆ ಮತ್ತು ಸವೆದ ಅಂಕಿ

9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಸಂಖ್ಯೆಯನ್ನು ಮಾತಿನಲ್ಲೇ ಹೇಳುತ್ತಾನೆ: ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವಂಥದ್ದು. ಬರೆದರೆ 12345654321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321.

ಇದು 111111ರ ವರ್ಗ. ಕೈಯಲ್ಲೇ ಗುಣಿಸಿ ನೋಡಿ. ಆರು ಸಾಲು ಬರುತ್ತವೆ, ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಹಾಗಾಗಿ ಎರಡೂ ತುದಿಯಲ್ಲಿ ಒಂದೇ 1, ನಡುವೆ ಕೂಡಲು ಆರು 1. ಒಂಬತ್ತು 1ರವರೆಗೂ ಇದೇ ಹಾರ ಬರುತ್ತೆ; ಹತ್ತಾದರೆ ನಡುವೆ ದಶಕ ಬಂದು ಕೆಡುತ್ತೆ. 111111 = 3×7×11×13×37. ಆದ್ದರಿಂದ ನಮ್ಮ ಸಂಖ್ಯೆ ಈ ಐದರ ವರ್ಗಗಳಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ.

ನನಗೆ ಹಿಡಿಸಿದ್ದು ಬೇರೆ. ಪ್ರತಿ ಮಾಡುವವನು ಒಂದು ಅಂಕಿ ತಪ್ಪಿದರೂ ಏರಿಳಿತ ಕೆಟ್ಟು ಸಿಕ್ಕಿಬೀಳುತ್ತಾನೆ. ಶಾಸನದಲ್ಲಿ ಈ ಕಾವಲು ಸಂವತ್ಸರದ್ದು.

ಸವೆದ ಕಲ್ಲೊಂದರಲ್ಲಿ ಶಕ 1087 ಅಂತ ಓದಿ, ನಾಲ್ಕು ಜನಕ್ಕೆ ಕಳಿಸಿಯೂ ಬಿಟ್ಟಿದ್ದೆ. ಪಕ್ಕದಲ್ಲೇ ‘ವಿಕ್ರಮ ಸಂವತ್ಸರ’ ಇತ್ತು! ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ (ಶೇಷ ಸೊನ್ನೆಯಾದರೆ 60ನೆಯದು, ವರ್ತಮಾನ ವರ್ಷವಾದರೆ 11 ಕೂಡಿಸಬೇಕು). 1087ಕ್ಕೆ ಶೇಷ 19, ಅದು ಪಾರ್ಥಿವ. ವಿಕ್ರಮ 14ನೆಯದು. ಮತ್ತೆ ಹೋಗಿ ಓರೆ ಬೆಳಕಲ್ಲಿ ನೋಡಿದೆ: ಕೊನೆಯ ಅಂಕಿ 2. ಶಕ 1082, ಲೆಕ್ಕ ಸರಿಹೋಯಿತು.

ನಾಲ್ಕೂ ಜನಕ್ಕೆ ತಿದ್ದುಪಡಿ ಕಳಿಸಿದ್ದೇನೆ. ನೀವು ಕಳಿಸುವ ಮುಂಚೆಯೇ ಭಾಗಿಸಿ ನೋಡಿ.