ಮನೆಯ ನೆಟ್ ಕೇಬಲ್: ತಾಮ್ರವೋ, ತಾಮ್ರದ ಲೇಪವೋ?

ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಪಾಠದಲ್ಲಿ ರೋಧಶೀಲತೆಯ ಕೋಷ್ಟಕವಿದೆ. ತಾಮ್ರಕ್ಕೆ 1.62 × 10⁻⁸ ಓಮ್ ಮೀಟರ್, ಅಲ್ಯೂಮಿನಿಯಮ್ಮಿಗೆ 2.63 × 10⁻⁸. ಅಭ್ಯಾಸ ಬೋಧನೆಯಲ್ಲಿ ನಾವು ಇದನ್ನು ಓದಿಸಿ ಮುಂದೆ ಹೋಗುತ್ತೇವೆ. ಆದರೆ ಈ ವ್ಯತ್ಯಾಸಕ್ಕೆ ಮಕ್ಕಳ ಮನೆಯಲ್ಲಿಯೇ ರೊಕ್ಕ ಖರ್ಚಾಗುತ್ತಿರುತ್ತದೆ.

ಸಮೀರವಾಡಿಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫೈಬರ್ ಸಂಪರ್ಕದ ರೂಟರ್ ಪಡಸಾಲೆಯಲ್ಲಿದೆ, ಓದುವ ಹುಡುಗಿ ಒಳಕೋಣೆಯಲ್ಲಿ. ನಡುವೆ ದಪ್ಪ ಕಲ್ಲಿನ ಗೋಡೆ. ವೈಫೈ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕೇಬಲ್ ತರಲು ಮಹಾಲಿಂಗಪುರಕ್ಕೋ ಮುಧೋಳಕ್ಕೋ ಹೋದರೆ ಕ್ಯಾಟ್ 5ಇ, 6, 7, 8 ಎಂಬ ಹೆಸರುಗಳು ಎದುರಾಗುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ನೆಟ್ ಜೋರು ಎಂದು ಬಹಳ ಜನ ತಿಳಿದಿದ್ದಾರೆ. 5ಇ ಕೇಬಲ್ಲೇ 100 ಮೀಟರ್‌ವರೆಗೆ ಸೆಕೆಂಡಿಗೆ 1000 ಮೆಗಾಬಿಟ್ ಒಯ್ಯುತ್ತದೆ. ಮನೆಯ ಯೋಜನೆ 100 ಅಥವಾ 300 ಮೆಗಾಬಿಟ್ಟಿನದು. ಕಾಲುವೆ ಎಷ್ಟೇ ಅಗಲವಿದ್ದರೂ ಕಬ್ಬಿಗೆ ಸಿಗುವುದು ಮೇಲಿನಿಂದ ಬಿಟ್ಟಷ್ಟೇ ನೀರು. ಗೋಡೆಯೊಳಗೆ ಪೈಪಿನಲ್ಲಿ ಕಾಯಂ ಆಗಿ ಹಾಕಿಸುವವರು ಕ್ಯಾಟ್ 6 ತರಲಿ. 7, 8 ಮನೆಗೆ ಬೇಡ.

ಸಂಖ್ಯೆಗಿಂತ ಮುಖ್ಯವಾದದ್ದು ಒಳಗಿನ ಲೋಹ. ಅಗ್ಗದ ಕೇಬಲ್‌ಗಳಲ್ಲಿ ಅನೇಕವು ತಾಮ್ರದ ತೆಳು ಲೇಪವಿರುವ ಅಲ್ಯೂಮಿನಿಯಂ ತಂತಿಗಳು. ಇಲ್ಲಿ ಮಕ್ಕಳಿಗೆ ಲೆಕ್ಕ ಕೊಡಿ. ತಂತಿಯ ವ್ಯಾಸ 0.51 ಮಿ.ಮೀ., ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.205 ಚದರ ಮಿ.ಮೀ., ಉದ್ದ 100 ಮೀಟರ್. ತಾಮ್ರದ ರೋಧ ಸುಮಾರು 7.9 ಓಮ್ ಬರುತ್ತದೆ. ಅಷ್ಟೇ ದಪ್ಪದ ಪೂರ್ತಿ ಅಲ್ಯೂಮಿನಿಯಂ ಎಂದು ಹಿಡಿದರೆ 12.8 ಓಮ್. ಲೇಪದ ತಂತಿಯದು ಇದಕ್ಕಿಂತ ತುಸು ಕಡಿಮೆ, ಅಷ್ಟೇ. ಮಾನದಂಡ ಒಪ್ಪುವ ಮಿತಿ 9.38 ಓಮ್.

ಹಾಗಿದ್ದರೂ ಅಂಥ ಕೇಬಲ್ ಅಂಗಡಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಹೆಚ್ಚು ಆವೃತ್ತಿಯ ಸಂಕೇತ ತಂತಿಯ ಮೇಲ್ಪದರದಲ್ಲೇ ಹರಿಯುವುದರಿಂದ ಎರಡು ಮೀಟರ್ ತುಂಡಿನಲ್ಲಿ ದೋಷ ಕಾಣುವುದಿಲ್ಲ. ಉದ್ದ ಹೆಚ್ಚಿದಾಗ, ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ ಕಳಿಸಿದಾಗ ಅಥವಾ ಮಡಚಿದ ಕಡೆ ತಂತಿ ಮುರಿದಾಗ ತೊಂದರೆ ಶುರು. ಆದ್ದರಿಂದ ಕೊಳ್ಳುವಾಗಲೇ ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಬೇಕು: ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹೊದಿಕೆಯ ಮೇಲೆ ‘ಸಿಸಿಎ’ ಎಂದಿದ್ದರೆ ಕೆರೆಯುವ ಅಗತ್ಯವೂ ಇಲ್ಲ.

ಇನ್ನೊಂದು ವಿಷಯ, ಇದನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕಡಿದರೂ ಅನೇಕ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ನೆಟ್ ಬರುತ್ತಲೇ ಇರುವುದರಿಂದ ಯಾರಿಗೂ ಸಂಶಯ ಬಾರದು; 300ರ ಯೋಜನೆಗೆ ತಿಂಗಳು ತಿಂಗಳು ಹಣ ಕಟ್ಟುತ್ತಲೇ ಇರುತ್ತಾರೆ. ವೇಗ ಪರೀಕ್ಷೆಯಲ್ಲಿ ಪ್ರತಿ ಸಲ 95ರ ಹತ್ತಿರವೇ ನಿಂತರೆ ಮೊದಲು ತುದಿಯ ಪ್ಲಗ್ಗನ್ನೂ, ರೂಟರಿನ ಪೋರ್ಟೇ 100ರದೋ ಎಂಬುದನ್ನೂ ನೋಡಬೇಕು.

ಅಂಗಳ ದಾಟಿ ಇನ್ನೊಂದು ಮನೆಗೋ ಹೊಲದ ಶೆಡ್ಡಿಗೋ ಒಯ್ಯುವುದಾದರೆ ತಾಮ್ರವೂ ಬೇಡ. ಸಿಡಿಲು ಹತ್ತಿರದಲ್ಲಿ ಬಡಿದರೂ ಲೋಹದ ತಂತಿಯಲ್ಲಿ ಏರುವ ವೋಲ್ಟೇಜ್ ಎರಡೂ ಕಡೆಯ ಸಾಧನಗಳನ್ನು ಸುಡಬಹುದು. ಗಾಜಿನ ಫೈಬರ್ ವಿದ್ಯುತ್ ಹರಿಸುವುದಿಲ್ಲ. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರ್ ಕೇಬಲ್ಲನ್ನೇ ಎಳೆಸಬೇಕು.