ಸಿರುಮುಗೈ: ಮಗ್ಗದ ಊರು, ಮಗ್ಗದ ಮಾತು

ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಕ್ಕೆ ಸಮೀಪ, ಭವಾನಿ ನದಿಯ ದಂಡೆಯಲ್ಲಿರುವ ಸಿರುಮುಗೈ ನೇಕಾರರ ಊರು. ಇಲ್ಲಿಯ ದೇವಾಂಗರ ಮನೆಮಾತು ಕನ್ನಡ. ಶಾಲೆಯ, ಸಂತೆಯ ಮಾತು ತಮಿಳು. ಅಕ್ಷರ ಕಲಿಯದೆಯೂ ಕನ್ನಡ ಇಷ್ಟು ತಲೆಮಾರು ಹೇಗೆ ಉಳಿಯಿತು? ಮನೆಯೇ ಕಸುಬಿನ ಜಾಗವೂ ಆಗಿದ್ದುದು ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ದೇವಲ ಮಹರ್ಷಿಯು ವಿಷ್ಣುವಿನ ನಾಭಿಕಮಲದಿಂದ ನೂಲು ತಂದು ದೇವತೆಗಳಿಗೆ ಬಟ್ಟೆ ನೇಯ್ದನೆಂಬುದು ಕುಲಪುರಾಣ. ಚರಿತ್ರೆಯನ್ನು ನೋಡಿದರೆ, ಕೊಯಮತ್ತೂರು ಸೀಮೆ 1799ರ ವರೆಗೆ ಮೈಸೂರಿಗೆ ಸೇರಿತ್ತು. ಕನ್ನಡನಾಡಿನೊಡನೆ ಹೋಗಿಬರುವುದು ಇಲ್ಲಿಗೆ ಹೊಸದಲ್ಲ.

ಇನ್ನು ಪದಗಳನ್ನು ನೋಡೋಣ. ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು ಹಾಸು. ಅಡ್ಡಲಾಗಿ ಲಾಳಿಯೊಡನೆ ಹೋಗುವ ನೂಲು ಹೊಕ್ಕು. ಸಂಸ್ಕೃತದ ‘ಓತಪ್ರೋತ’ವೂ ಇದೇ ನೇಯ್ಗೆಯಿಂದ ಬಂದ ಮಾತು, ಬೃಹದಾರಣ್ಯಕದಲ್ಲಿ ಗಾರ್ಗಿಯ ಪ್ರಶ್ನೆ ಈ ಪದಗಳ ಮೇಲೆಯೇ ನಿಂತಿದೆ. ತಮಿಳಿನಲ್ಲಿ ಹಾಸಿಗೆ ‘ಪಾವು’, ಹೊಕ್ಕಿಗೆ ‘ಊಡೈ’, ಮಗ್ಗಕ್ಕೆ ‘ತರಿ’ ಅಂತಾರೆ. ಹಾಸು, ಪಾವು ಎರಡೂ ಒಂದೇ ಬೇರಿನವು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲ್ ಹಾಲಾದಂತೆ ಪಾಸು ಹಾಸಾಯಿತು. ಆದ್ದರಿಂದ ಅಜ್ಜಿಯೊಬ್ಬಳು ‘ಹಾಸು’ ಎಂದರೆ, ಹಕಾರ ಉದುರಿಸಿ ‘ಆಸು’ ಎಂದರೂ ಸರಿ, ಅದು ಕನ್ನಡದ ರೂಪ. ‘ಪಾವು’ ಎಂದರೆ ನೆರೆಮಾತಿನಿಂದ ಬಂದದ್ದು. ಒಂದಕ್ಷರದಲ್ಲಿ ಇಷ್ಟು ಚರಿತ್ರೆ ಅಡಗಿದೆ.

ಈ ಮಾತು ಮನೆಮಂದಿಯಲ್ಲೆಲ್ಲ ಹಂಚಿಹೋಗಿತ್ತು. ಹೆಂಗಸರು ನೂಲು ಸುತ್ತುವರು, ಮಕ್ಕಳು ಹರಿದ ಎಳೆ ಕೂಡಿಸುವರು, ಗಂಡಸರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವರು. ಬಿಸಿಲೇರುವ ಮುನ್ನ ಬೀದಿಯಲ್ಲಿ ಹಾಸು ಚಾಚಿ ಗಂಜಿ ಹಾಕುವಾಗ ‘ಎಳಿ’, ‘ಬಿಡು’ ಎಂದು ಕೂಗುವುದಕ್ಕೆ ಮನೆಮಾತೇ ಸಾಕು.

ಆದರೆ ಕೆಲಸ ಮನೆಯಿಂದ ಹೊರಗೆ ಹೋಗುತ್ತ ಬಂತು. ಕೊಯಮತ್ತೂರಿನಲ್ಲಿ 1888ರಲ್ಲಿ ಸ್ಟೇನ್ಸ್ ಗಿರಣಿ ಆರಂಭವಾಯಿತು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಸೋಮನೂರು, ಪಲ್ಲಡಗಳ ಕಡೆ ವಿದ್ಯುನ್ಮಗ್ಗ ಹರಡಿತು. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. ಪೊಳ್ಳಾಚಿ ಕಡೆಯ ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಸಿರುಮುಗೈಯ ಮೆದು ರೇಷ್ಮೆ ಸೀರೆಗೂ ಹೆಸರಿದೆ. ಸೀರೆಗೆ ಗುರುತು ಸಿಕ್ಕಿತು. ಅದನ್ನು ನೇಯ್ದ ಮಾತಿಗೆ ಅಂಥ ಕಾಪು ಯಾರೂ ಕೊಡಲಾರರು.

ಮಗ ಗಿರಣಿಗೋ ಕಚೇರಿಗೋ ಹೋದರೆ ಅವನಿಗೆ ‘ಹೊಕ್ಕು’ ಎಂಬ ಪದ ಬೇಕಿಲ್ಲ. ಮಗ್ಗ ನಿಂತ ಮನೆಯಲ್ಲಿ ಮೊದಲು ಹೋಗುವುವು ಇಂಥ ಪದಗಳೇ. ಆದಕಾರಣ ಪದ ಸಂಗ್ರಹಿಸುವವರು ಪ್ರಶ್ನಾವಳಿ ಹಿಡಿದು ಜಗಲಿಯಲ್ಲಿ ಕೂತರೆ ಸಾಲದು. ಮಗ್ಗದ ಪಕ್ಕದಲ್ಲಿ ಕೂತು, ಒಂದೊಂದು ಅಂಗವನ್ನೂ ಮುಟ್ಟಿ ತೋರಿಸಿ ‘ಇದಕ್ಕೆ ಏನಂತೀರಿ?’ ಎಂದು ಹಿರಿಯರನ್ನು ಕೇಳಬೇಕು. ಹೆಂಗಸರನ್ನು ಬೇರೆಯಾಗಿ ಕೇಳಬೇಕು. ನೂಲಿನ ಮಾತು ಅವರಲ್ಲಿದೆ. ಮಗ್ಗ ಆಡುತ್ತಿರುವಾಗಲೇ ಈ ಕೆಲಸ ಆಗತಕ್ಕದ್ದು.